ನೆರಳಿಗೊಂದು ಗೂಟ

ಜನವರಿ 8

ಅಣ್ಣ,

ನೀನು ಮಗಳ ಊರಿಗೆ ಹೋಗಿ ಮೂರು ತಿಂಗಳಾಯಿತು. ಫೋನಿನಲ್ಲಿ ಮಾತಾಡೋಣವೆಂದರೆ ನಾನು ಹೇಳುವುದು ಒಂದು, ನಿನಗೆ ಕೇಳುವುದು ಇನ್ನೊಂದು. ನಡುವೆ ನಿನ್ನ ಮಗಳು ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಾಳೆ. ಅದಕ್ಕೇ ಈ ಕಾಗದ. ಕಿವಿ ಕೈಕೊಟ್ಟರೂ ಕಣ್ಣು ಇನ್ನೂ ನಿನ್ನ ಮಾತು ಕೇಳುತ್ತದಲ್ಲ.

ಗಾಲ್ಫ್ ಮೈದಾನ ನೀನು ಬಿಟ್ಟು ಹೋದ ಹಾಗೇ ಇದೆ ಎಂದು ಬರೆಯಬೇಕೆಂದಿದ್ದೆ, ಸುಳ್ಳಾಗುತ್ತದೆ. ಈ ಅಕ್ಟೋಬರಿಗೆ ಮೈದಾನಕ್ಕೆ ನೂರು ವರ್ಷ ತುಂಬುತ್ತದೆ. ಮೈದಾನ ಕಟ್ಟಿದವನು ತನ್ನ ಕೈಯಲ್ಲೇ ಬರೆದ ನಕ್ಷೆಯೊಂದು ಕ್ಲಬ್ಬಿನ ಹಳೆಯ ಕಪಾಟಿನಲ್ಲಿ ಸಿಕ್ಕಿದೆ. ಅದರಲ್ಲಿ ಎಣಿಸಿದರೆ ಒಂಬತ್ತು ಮರ. ಈಗ ಇರುವುದು ನಾನೂರು. ನೂರನೇ ವರ್ಷಕ್ಕೆ ಮೈದಾನ ಮೊದಲಿದ್ದ ಹಾಗೇ ಕಾಣಬೇಕೆಂದು ಕಮಿಟಿಯವರು ಪಟ್ಟು ಹಿಡಿದಿದ್ದಾರೆ. ಸದ್ಯಕ್ಕೆ ನೂರ ಮೂವತ್ತೊಂದು ಮರಕ್ಕೆ ಕೆಂಪು ಬಣ್ಣದ ಗುರುತು ಬಿದ್ದಿದೆ. ಹೆಚ್ಚಿನವಕ್ಕೆ ಕೊಂಬೆ ಸವರಿದರೆ ಸಾಕು, ನೀನು ಅದನ್ನೇ ಯೋಚಿಸುತ್ತಾ ಕೂರಬೇಡ.

ನನ್ನ ತಲೆನೋವು ಏಳನೇ ಗ್ರೀನು. ಕುಳಿಯ ಸುತ್ತ ಆ ನುಣ್ಣನೆಯ ಹುಲ್ಲು ಬೆಳೆಸಲು ನೀನು ಪಟ್ಟ ಪಾಡು ನನಗೆ ಗೊತ್ತು. ಈಗ ಅರ್ಧಕ್ಕರ್ಧ ಪಾಚಿ, ಉಳಿದರ್ಧ ಬೋಳು. ಕಾರಣ ಅಜ್ಜ. ಒಂದನೇ ನಂಬರಿನ ತಗಡಿನ ಬಿಲ್ಲೆ ಹೊತ್ತ ನಮ್ಮ ಮಳೆಮರ ಎಷ್ಟು ಅಗಲಕ್ಕೆ ಕೈ ಚಾಚಿದೆಯೆಂದರೆ ಗ್ರೀನಿಗೆ ಮಧ್ಯಾಹ್ನದವರೆಗೆ ಬಿಸಿಲೇ ಇಲ್ಲ. ಬೇರೆ ಯಾವ ಮರವಾಗಿದ್ದರೂ ಇಷ್ಟು ಹೊತ್ತಿಗೆ ಕಡಿದಿರುತ್ತಿದ್ದರು. ಆದರೆ ಅದು ಮೈದಾನ ಕಟ್ಟಿದವನು ನೆಟ್ಟ ಮರ, ನಕ್ಷೆಯ ಒಂಬತ್ತರಲ್ಲಿ ಮೊದಲನೆಯದು, ಸಿಡಿಲು ಹೊಡೆದರೂ ಸಾಯದೆ ಮತ್ತೆ ಚಿಗುರಿದ ಅಜ್ಜ. ಅದರ ಒಂದು ಕೊಂಬೆಯನ್ನೂ ಮುಟ್ಟುವ ಹಾಗಿಲ್ಲ.

ಸೆಕ್ರೆಟರಿ ಮೊನ್ನೆ ಕರೆದು ಹೇಳಿದರು, "ನೋಡಿ, ಅಕ್ಟೋಬರಿನ ಒಳಗೆ ಏಳನೇ ಗ್ರೀನ್ ಸರಿ ಹೋದ್ರೆ ಅಣ್ಣನ ಮೇಲ್ವಿಚಾರಕರ ಜಾಗ ನಿಮ್ಮದೇ. ಇಲ್ಲಾಂದ್ರೆ ಹೊರಗಿನವರನ್ನ ಕರೆಸ್ಬೇಕಾಗತ್ತೆ. ನನ್ನ ಕೈಲೂ ಇಲ್ಲ." ಮೂವತ್ತು ವರ್ಷ ಇಲ್ಲಿ ದುಡಿದವಳು ತಾತ್ಕಾಲಿಕ ಎಂಬ ಚೀಟಿ ಅಂಟಿಸಿಕೊಂಡು ಓಡಾಡುತ್ತಿದ್ದೇನೆ. ಮರ ಇದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ನಾನಿಲ್ಲ. ಏನು ಮಾಡಲಿ ಹೇಳು.

ನಿನ್ನ
ಮೊಂಡಿ

ಜನವರಿ 19

ಮೊಂಡಿ,

ಕಾಗದ ಬಂತು. ಅಕ್ಷರ ನೋಡಿದರೆ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತು ಬರೆದ ಹಾಗಿದೆ. ಐವತ್ತನಾಲ್ಕಾದರೂ ನಿನ್ನ ಅಕ್ಷರ ತಿದ್ದಲಾಗಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ.

ನಾನು ಆರಾಮಾಗಿದ್ದೇನೆ. ಮೂರನೇ ಮಹಡಿ, ಗಾಳಿ ಚೆನ್ನಾಗಿದೆ. ದಿನಾ ಬೆಳಗ್ಗೆ ಬಂದರಿನವರೆಗೆ ನಡೆದು ಬರುತ್ತೇನೆ. ಮಗಳು ಶಾಲೆಗೆ ಹೋದ ಮೇಲೆ ಪೇಪರು ಓದುತ್ತೇನೆ. ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡಿದ್ದೇನೆ, ಕೈಗೆ ಸ್ವಲ್ಪ ಮಣ್ಣು ಅಂಟಲಿ ಎಂದು.

ಏಳನೆಯದಕ್ಕೆ ಸುಮ್ಮಸುಮ್ಮನೆ ಔಷಧಿ ಹೊಡೆಯಬೇಡ. ಆ ಹುಲ್ಲಿಗೆ ಕಾಯಿಲೆಯಲ್ಲ, ಹಸಿವು. ಮೊದಲು ನೆರಳು ಅಳೆದು ನೋಡು. ಅಪ್ಪ ಕಲಿಸಿದ ಹಾಗೆ ಬೆಳಗಿನಿಂದ ಸಂಜೆಯವರೆಗೆ ಮರದ ಕೆಳಗೆ ಕೂತು ಗಂಟೆಗೊಂದು ಗೂಟವನ್ನು ನೆರಳಿನ ಅಂಚಿಗೆ ಹೊಡೆ. ಒಂದು ದಿನ ಪೂರ್ತಿ ಮರದಡಿ ಕೂರಲಾರದವನು ಅದಕ್ಕೆ ಗರಗಸ ಇಡಬಾರದು ಎಂದು ಅಪ್ಪ ಹೇಳುತ್ತಿದ್ದ. ಕಮಿಟಿಯವರ ಕೆಂಪು ಬಣ್ಣವನ್ನು ನಂಬಬೇಡ, ಗೂಟವನ್ನು ನಂಬು. ಅಳತೆಯೆಲ್ಲ ನನಗೂ ಕಳಿಸು.

ಇನ್ನೊಂದು ಮಾತು. ಬೇಕಾದ್ದು ಮಾಡು, ಅಜ್ಜನ ಬೇರಿಗೆ ಮಾತ್ರ ಗುದ್ದಲಿ ತಾಗಿಸಬೇಡ. ಯಾಕೆ ಎಂದು ಕೇಳಬೇಡ.

ಅಣ್ಣ

ಫೆಬ್ರವರಿ 11

ಅಣ್ಣ,

ಮೂರು ವಾರ ಮರದಡಿ ಕೂತು ಕೂತು ನನಗೇ ಬೇರು ಬಿಡುವುದೊಂದು ಬಾಕಿ. ಜೊತೆಗೆ ಏಣಿ ಇದ್ದ. ಅವನಿಗೆ ಅರವತ್ತಾದರೂ ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಕೆಳಗೆ ಕೂರಿಸಿದರೆ ಮಾತ್ರ ಗೊರಕೆ. ಅಳತೆಯ ಪಟ್ಟಿ ಈ ಕಾಗದದ ಜೊತೆಗಿದೆ. ಒಂದು, ಎರಡು, ನಾಲ್ಕು, ಐದು, ಹೀಗೆ ಹದಿನೆಂಟರವರೆಗೆ ಎಲ್ಲ ಕುಳಿಗಳೂ ಇವೆ.

ಏಳನೆಯದನ್ನು ನೋಡು. ಬೆಳಗ್ಗೆ ಏಳಕ್ಕೆ ನೆರಳು ಗ್ರೀನನ್ನು ಪೂರ್ತಿ ನುಂಗಿರುತ್ತದೆ. ಹನ್ನೊಂದೂವರೆಗೆ ಒಂದು ಅಂಚಿಗೆ ಬಿಸಿಲು ಬೀಳುತ್ತದೆ. ಎರಡು ಗಂಟೆಗೆ ಮತ್ತೆ ಮರೆ. ಎರಡೂವರೆ ತಾಸಿನ ಬಿಸಿಲಿನಲ್ಲಿ ಯಾವ ಹುಲ್ಲು ಬದುಕುತ್ತದೆ? ಹೊಸ ಹುಲ್ಲು ತಂದು ಹಾಸಿದೆ, ಹದಿನೈದೇ ದಿನಕ್ಕೆ ಹಳದಿಯಾಯಿತು.

ಆಟಕ್ಕೆ ಬಂದವರು ಈಗಲೂ ಅಜ್ಜನ ಕಾಂಡ ತಟ್ಟಿಯೇ ಮುಂದೆ ಹೋಗುತ್ತಾರೆ. "ಸಿಡಿಲಿಗೇ ಹೆದರದೋನು, ನನ್ನ ಕೈ ಹಿಡೀದೆ ಇರ್ತಾನಾ" ಎಂದು ನಿನ್ನೆ ಹಿರಿಯ ಸದಸ್ಯರೊಬ್ಬರು ಹೇಳಿದರು. ಆಮೇಲೆ ಮೂರು ಚೆಂಡು ಪೊದೆಯೊಳಗೆ ಕಳೆದುಕೊಂಡರು.

ಒಂದು ಸುದ್ದಿ ನಿನಗೆ ಮೊದಲೇ ತಿಳಿದಿರಲಿ. ಅಜ್ಜನ ಪಕ್ಕದಲ್ಲಿ ಹಿತ್ತಾಳೆಯ ಫಲಕ ಹಾಕಬೇಕಂತೆ. ಅದರ ಮೇಲೆ ವಯಸ್ಸು ಕೆತ್ತಿಸಲು ಏಪ್ರಿಲ್ 22ಕ್ಕೆ ಮರದ ತಜ್ಞರೊಬ್ಬರು ಬರುತ್ತಾರೆ. ಪೆನ್ಸಿಲಿನಷ್ಟು ಸಣ್ಣ ಬೈರಿಗೆಯನ್ನು ಕಾಂಡದೊಳಗೆ ಇಳಿಸಿ, ಕಡ್ಡಿಯಂಥ ಒಂದು ಚೂರು ತೆಗೆದು, ಅದರ ಬಳೆಗಳನ್ನು ಎಣಿಸಿ ವಯಸ್ಸು ಹೇಳುತ್ತಾರಂತೆ.

ಬಂದರಿನ ದಾರಿಯಲ್ಲಿ ಮರಗಳಿವೆಯೇ? ನೀನು ಬರೆಯಲೇ ಇಲ್ಲ.

ಮೊಂಡಿ

ಫೆಬ್ರವರಿ 20

ಮೊಂಡಿ,

ನಿನ್ನ ಪಟ್ಟಿಯಲ್ಲಿ ಎರಡಾದ ಮೇಲೆ ನಾಲ್ಕು ಬಂದಿದೆ. ನನಗೆ ಕಿವಿ ಕೇಳಿಸುವುದಿಲ್ಲ, ಲೆಕ್ಕ ಬರುತ್ತದೆ.

ಮೂರನೆಯದರ ಅಂಚಿನಲ್ಲಿ ನನ್ನ ಹದಿನಾಲ್ಕು ಗಾಳಿಮರಗಳಿದ್ದವು. ಮಗಳು ಹುಟ್ಟಿದ ವರ್ಷ ನೆಟ್ಟದ್ದು. ನಿನ್ನ ಅತ್ತಿಗೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಅವಕ್ಕೆ ನೀರು ಹೊತ್ತಿದ್ದಳು. ಅವು ಇವೆಯೋ ಇಲ್ಲವೋ, ನೇರವಾಗಿ ಬರೆ. ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಅಜ್ಜನಿಗೆ ಬೈರಿಗೆ ಹಾಕಲು ಬಿಡಬೇಡ. ತೂತು ಬಿದ್ದ ಕಡೆ ನೀರಿಳಿದು ಮರ ಕೊಳೆಯುತ್ತದೆ. ನಾನು ಹೇಳಿದೆನೆಂದು ಸೆಕ್ರೆಟರಿಗೆ ಹೇಳು. ನೂರು ವರ್ಷ ಎಂದು ಊರಿಗೆಲ್ಲ ಗೊತ್ತಿರುವಾಗ ಎಣಿಸುವುದೇನಿದೆ?

ಅಣ್ಣ

ಫೆಬ್ರವರಿ 28

ಅಣ್ಣ,

ಇಲ್ಲ. ಹದಿನಾಲ್ಕೂ ಹೋದವು. ಫೆಬ್ರವರಿ ಮೊದಲ ವಾರದಲ್ಲೇ ಹೋದವು. ಕೊಂಬೆ ಸವರಿದರೆ ಸಾಕು ಎಂದು ಬರೆದದ್ದು ಸುಳ್ಳು.

ಪ್ರತಿ ಮರದ ಕೆಳಗೂ ಕೂತೆ, ಗೂಟ ಹೊಡೆದೆ. ಗೂಟ ಸುಳ್ಳು ಹೇಳಲಿಲ್ಲ. ಬೆಳಗಿನ ಬಿಸಿಲು ಬರುವ ದಿಕ್ಕಿಗೇ ಸಾಲಾಗಿ ನೆಟ್ಟಿದ್ದೀಯ ಅಣ್ಣ. ಮೂರನೆಯದರ ಹುಲ್ಲು ಹದಿನೈದು ವರ್ಷದಿಂದ ಕೆಮ್ಮುತ್ತಿದೆ, ನೀನು ಅದಕ್ಕೆ ಗೊಬ್ಬರ ಹಾಕುತ್ತಾ ಬಂದೆ. ನಿನಗೆ ಕಾಣಲಿಲ್ಲವೋ, ಕಂಡರೂ ಕೈ ಬರಲಿಲ್ಲವೋ ನನಗೆ ಗೊತ್ತಿಲ್ಲ. ನೀನು ಮರ ನೆಟ್ಟು ಹೊರಟೆ, ಕಡಿಯುವ ಪಾಪ ನನ್ನ ಪಾಲಿಗೆ ಬಂತು.

ಇದನ್ನು ಸಿಟ್ಟಿನಿಂದಲೇ ಬರೆದಿದ್ದೇನೆ, ತಿದ್ದುವುದಿಲ್ಲ. ಕಡಿಯುವ ದಿನ ಏಣಿ ಮೊದಲನೇ ಮರ ಹತ್ತಲಿಲ್ಲ. "ಅಕ್ಕ, ಇವತ್ತು ಯಾಕೋ ಮೊಣಕಾಲು ನೋಯ್ತಿದೆ" ಎಂದ. ಅವನ ಮೊಣಕಾಲು ನನಗೆ ಗೊತ್ತಿಲ್ಲವೇ. ಕೊನೆಗೆ ನಾನೇ ಗರಗಸ ಹಿಡಿದೆ. ಅತ್ತಿಗೆ ನೀರು ಹೊತ್ತದ್ದು ನನಗೂ ನೆನಪಿದೆ, ಆ ಇನ್ನೊಂದು ಬಿಂದಿಗೆ ಹೊತ್ತವಳು ನಾನು. ಒಂದು ಬಿಲ್ಲೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಟೀ ಲೋಟ ಇಡುತ್ತೇನೆ.

ಬೈರಿಗೆಯ ಮಾತು ಸೆಕ್ರೆಟರಿಗೆ ಹೇಳಿದೆ. ತಜ್ಞರು ತೂತಿಗೆ ಮೇಣ ತುಂಬುತ್ತಾರಂತೆ, ಮರಕ್ಕೇನೂ ಆಗುವುದಿಲ್ಲವಂತೆ. ಬರುವ ದಿನ ಅದೇ.

ಮೊಂಡಿ

ಮಾರ್ಚ್ 14

ಅಣ್ಣ,

ಎರಡು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಅಂಚೆಯವನನ್ನು ಕೇಳಿ ಕೇಳಿ ಅವನು ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಿದ್ದಾನೆ. ಸಿಟ್ಟಿದ್ದರೆ ಬೈದು ಬರೆ. ಬೈಸಿಕೊಳ್ಳುವುದು ನನಗೆ ಹೊಸದೇ?

ಮೊಂಡಿ

ಮಾರ್ಚ್ 31

ಅಣ್ಣ,

ನಿನ್ನ ಮಗಳಿಗೆ ಫೋನ್ ಮಾಡಿದ್ದೆ. "ಅಪ್ಪ ಚೆನ್ನಾಗಿದಾರೆ ಅತ್ತೆ, ಊಟ ಸ್ವಲ್ಪ ಕಡಿಮೆ ಆಗಿದೆ. ದಿನಾ ಏನೋ ಬರೀತಾರೆ, ಹರೀತಾರೆ" ಎಂದಳು. ಹರಿಯುವಷ್ಟು ಬೈಗುಳ ಬರೆಯುತ್ತಿದ್ದೀಯಾದರೆ ಅದರಲ್ಲಿ ಒಂದನ್ನಾದರೂ ಅಂಚೆಗೆ ಹಾಕು.

ಮೊನ್ನೆ ಹೊರಗಿನಿಂದ ಒಬ್ಬರು ಬಂದಿದ್ದರು. ಸೆಕ್ರೆಟರಿ ಅವರನ್ನು ಮೈದಾನವೆಲ್ಲ ಸುತ್ತಿಸಿದರು. ಔಜಾರಿನ ಕೋಣೆಗೂ ಕರೆತಂದರು. ನಿನ್ನ ಮೊಳೆಗೆ ನೇತುಹಾಕಿದ್ದ ನನ್ನ ಟೋಪಿಯನ್ನು ಆ ಮನುಷ್ಯ ತೆಗೆದು ಬೆಂಚಿನ ಮೇಲಿಟ್ಟು ತನ್ನದನ್ನು ಹಾಕಿದರು. ಪಾಪ, ಬೇಕೆಂದು ಮಾಡಿದ್ದಲ್ಲ, ಮೊಳೆ ಕಂಡಿತು ಹಾಕಿದರು. ನಾನು ಅವರಿಗೆ ಟೀ ಮಾಡಿಕೊಟ್ಟೆ. ಅವರು ಹೋದ ಮೇಲೆ ಏಳನೇ ಗ್ರೀನಿನ ಅಂಚಿನಲ್ಲಿ ಕೂತು ಅತ್ತೆ. ಅತ್ತೆನೆಂದು ಬರೆಯಲು ನನಗೆ ನಾಚಿಕೆಯಿಲ್ಲ.

ಕೆಲಸ ಹೋದರೆ ಹೋಗಲಿ, ಅಣ್ಣ. ನೀನು ಮಾತು ಬಿಟ್ಟದ್ದು ಮಾತ್ರ ನನಗೆ ತಡೆಯಲಾಗುತ್ತಿಲ್ಲ. ಹದಿನಾಲ್ಕು ಮರಕ್ಕೆ ತಪ್ಪಾಯಿತು. ಹೊಟ್ಟೆಗೆ ಹಾಕಿಕೊ.

ನಿನ್ನ
ಮೊಂಡಿ

ಏಪ್ರಿಲ್ 2

ಮೊಂಡಿ,

ಇದು ಎಂಟನೇ ಕಾಗದ. ಏಳನ್ನು ಹರಿದೆ. ಇದನ್ನು ಹರಿಯುವುದಿಲ್ಲವೆಂದು ಲಕೋಟೆಯ ಮೇಲೆ ಮೊದಲೇ ವಿಳಾಸ ಬರೆದು ಅಂಚೆಚೀಟಿ ಅಂಟಿಸಿ ಇಟ್ಟುಕೊಂಡಿದ್ದೇನೆ.

ಗಾಳಿಮರದ ಸಿಟ್ಟು ನನಗಿಲ್ಲ. ಒಂದು ದಿನ ಇತ್ತು, ಹೋಯಿತು. ನೀನು ಬರೆದದ್ದು ಸರಿ. ನನಗೆ ಕಂಡಿತ್ತು, ಕೈ ಬರಲಿಲ್ಲ.

ನಾನು ಬರೆಯದೆ ಕೂತದ್ದು ಅಜ್ಜನಿಗಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೈರಿಗೆ ಎಂದು ನೀನು ಬರೆದ ದಿನದಿಂದ ನಾನು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೇನೆ. ಆ ಮರಕ್ಕೆ ನೂರು ವರ್ಷ ಆಗಿಲ್ಲ. ನಲವತ್ತೊಂಬತ್ತು ಆಗಿದೆ. ನೆಟ್ಟವನು ಮೈದಾನ ಕಟ್ಟಿದವನಲ್ಲ, ನಾನು.

ಮಾಲೀಕರ ಜಗಳದಲ್ಲಿ ಕ್ಲಬ್ಬಿಗೆ ಆರು ವರ್ಷ ಬೀಗ ಬಿದ್ದಿತ್ತಲ್ಲ, ಆಗಿನ ಮಾತು. ಅಪ್ಪ ಹೋಗಿ ಒಂದು ವರ್ಷವಾಗಿತ್ತು. ನನಗೆ ಇಪ್ಪತ್ತೆರಡು, ನಿನಗೆ ಐದು. ಅಷ್ಟು ದೊಡ್ಡ ಮೈದಾನಕ್ಕೆ ನಾನೊಬ್ಬನೇ. ಏಳನೇ ಗ್ರೀನು ಒಣಗುತ್ತಿತ್ತು. ಅಪ್ಪ ಇಲ್ಲದಿದ್ದರೂ ನಾನು ನೋಡಿಕೊಳ್ಳಬಲ್ಲೆ ಎಂದು ತೋರಿಸಬೇಕಿತ್ತು. ಯಾರಿಗೆ ತೋರಿಸಬೇಕಿತ್ತೋ, ನೋಡುವವರು ಒಬ್ಬರೂ ಇರಲಿಲ್ಲ. ಪಂಪಿನಿಂದ ಗ್ರೀನಿಗೆ ಪೈಪು ಎಳೆಯಲು ಕಾಲುವೆ ತೋಡಿದೆ. ಸುತ್ತಿ ಬಂದರೆ ನಾಲ್ಕು ದಿನ ಹೆಚ್ಚು ಕೆಲಸ, ನೇರ ಹೋದರೆ ಅಜ್ಜನ ಬುಡದ ಪಕ್ಕ. ನೇರ ಹೋದೆ. ತೊಡೆಯಷ್ಟು ದಪ್ಪದ ನಾಲ್ಕು ಬೇರು ಅಡ್ಡ ಬಂದವು. ಕಡಿದೆ.

ಎರಡು ತಿಂಗಳಿಗೆ ಒಂದು ಮಧ್ಯಾಹ್ನ ಗಾಳಿ ಎದ್ದಿತು. ಅಂಥ ದೊಡ್ಡ ಗಾಳಿಯೂ ಅಲ್ಲ. ಬೇರಿಲ್ಲದ ಕಡೆಯಿಂದ ಎದ್ದು ಮರ ಉರುಳಿತು. ನಾನು ನೋಡುತ್ತಾ ನಿಂತಿದ್ದೆ. ಅಪ್ಪ ಎರಡನೇ ಸಲ ಸತ್ತ ಹಾಗಾಯಿತು.

ಮೂರು ವಾರ ಕೈಗರಗಸದಲ್ಲಿ ಕೊಯ್ದೆ. ಸುಟ್ಟೆ. ಬೊಡ್ಡೆಯ ಮೇಲೆ ಮಣ್ಣು ಎಳೆದು ಹುಲ್ಲು ಹಾಸಿದೆ. ಅದರದೇ ಬೀಜದಿಂದ ಎದ್ದಿದ್ದ ಒಂದು ಸಸಿ ಬೇಲಿಯ ಹತ್ತಿರ ಇತ್ತು. ಅದನ್ನು ಕಿತ್ತು ತಂದು ಎರಡು ಹೆಜ್ಜೆ ಆಚೆ ನೆಟ್ಟೆ. ನೀನು ಅಲ್ಲೇ ಎಲ್ಲೋ ಮಣ್ಣಿನಲ್ಲಿ ಆಡುತ್ತಿದ್ದೆ, ನಿನಗೇನು ನೆನಪಿರಬೇಕು. ಮಳೆಮರ ಬೇಗ ಬೆಳೆಯುತ್ತದೆ. ಬೀಗ ತೆಗೆಯುವ ಹೊತ್ತಿಗೆ ಎರಡಾಳು ಮೀರಿತ್ತು. ಹೊಸ ಮಾಲೀಕರು ಕೇಳಿದಾಗ, ಸಿಡಿಲು ಹೊಡೆಯಿತು, ನಾನು ಆರೈಕೆ ಮಾಡಿದೆ, ಬುಡದಿಂದ ಮತ್ತೆ ಚಿಗುರಿತು ಎಂದೆ. ಒಂದೇ ಉಸಿರಿನಲ್ಲಿ ಬಂದ ಸುಳ್ಳು. ಅಜ್ಜನನ್ನು ಉಳಿಸಿದ ಹುಡುಗ ಎಂದು ನನ್ನನ್ನು ಮೇಲ್ವಿಚಾರಕನನ್ನಾಗಿ ಮಾಡಿದರು.

ನಿನ್ನ ಅತ್ತಿಗೆಗೂ ಹೇಳಲಿಲ್ಲ. ನನ್ನ ಬೀಳ್ಕೊಡುಗೆಯ ದಿನ ಆ ಮರದ ಕೆಳಗೇ ಕುರ್ಚಿ ಹಾಕಿ ಹೊಗಳಿದರಲ್ಲ, ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯ ಅಂದುಕೊಂಡರು.

ಈಗ ಆ ಸುಳ್ಳು ನಿನ್ನ ಅನ್ನಕ್ಕೆ ಅಡ್ಡ ನಿಂತಿದೆ. ಅದು ನಕ್ಷೆಯ ಮರ ಅಲ್ಲವೆಂದು ಗೊತ್ತಾದರೆ ಕಡಿಯಬಹುದು, ನಿನ್ನ ಹುಲ್ಲು ಬದುಕುತ್ತದೆ. ಇಷ್ಟು ಬರೆಯಲು ನನಗೆ ಆರು ವಾರ ಹಿಡಿಯಿತು. ಏಪ್ರಿಲ್ 22ಕ್ಕೆ ಆ ಬೈರಿಗೆ ಹೇಳುವುದಕ್ಕಿಂತ ಮೊದಲು ನನ್ನ ಬಾಯಿಂದಲೇ ನಿನಗೆ ತಿಳಿಯಲಿ.

ನಿನ್ನ ಮುಖ ನೆನೆಸಿಕೊಂಡರೆ ಹೆದರಿಕೆಯಾಗುತ್ತದೆ.

ಅಣ್ಣ

ಏಪ್ರಿಲ್ 9

ಅಣ್ಣ,

ನಾನು ಮಣ್ಣಿನಲ್ಲಿ ಆಡುತ್ತಿರಲಿಲ್ಲ. ಸಸಿಯನ್ನು ನೆಟ್ಟಗೆ ಹಿಡಿದು ನಿಂತಿದ್ದೆ.

"ಅಲ್ಲಾಡಿಸ್ಬೇಡ, ಎರಡೂ ಕೈಲಿ ಹಿಡ್ಕೋ" ಎಂದು ನೀನೇ ಹೇಳಿದ್ದೆ. ನೀನು ಮಣ್ಣು ತುಂಬಿ ಕಾಲಿನಿಂದ ಒತ್ತಿದೆ. ಆಮೇಲೆ ಜೇಬಿನಿಂದ ಒಂದನೇ ನಂಬರಿನ ತಗಡಿನ ಬಿಲ್ಲೆ ತೆಗೆದು, ಮೊಳೆ ಹೊಡೆಯಲು ಕಾಂಡವೇ ಇಲ್ಲವಲ್ಲ, ದಾರದಿಂದ ಕಟ್ಟಿದೆ. ಅದು ಅಜ್ಜನ ಬಿಲ್ಲೆಯಲ್ವಾ ಎಂದು ನಾನು ಕೇಳಿದೆ. "ಇವತ್ತಿಂದ ಇದೇ ಅಜ್ಜ" ಎಂದೆ ನೀನು. ನನ್ನಷ್ಟೇ ಎತ್ತರದ ಅಜ್ಜನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ತಿರುಗಿ ನೋಡಿದರೆ ನೀನು ಅಳುತ್ತಿದ್ದೆ. ಅಪ್ಪ ಹೋದಾಗಲೂ ನನ್ನೆದುರು ಅಳದವನು. ಅವತ್ತೇ ಗೊತ್ತಾಯಿತು, ಇದನ್ನು ಯಾರಿಗೂ ಹೇಳಬಾರದೆಂದು. ಐದು ವರ್ಷದವಳಿಗೆ ಅಷ್ಟು ಸಾಕು.

ಅಂದಿನಿಂದ ಬಾಯಿ ಬಿಟ್ಟಿಲ್ಲ. ನೀನು ಹೇಳಿದರೆ ಕೇಳೋಣವೆಂದು ಕಾದೆ. ಬೀಳ್ಕೊಡುಗೆಯ ದಿನ ನೀನು ತಲೆ ತಗ್ಗಿಸಿದ್ದು ನನಗೆ ಕಂಡಿತು. ವಿನಯ ಅಂದುಕೊಳ್ಳದಿದ್ದವಳು ಅಲ್ಲಿ ನಾನೊಬ್ಬಳೇ ಇರಬೇಕು. ಜನವರಿಯಿಂದ ಅಜ್ಜನನ್ನು ಮುಟ್ಟುವ ಹಾಗಿಲ್ಲ ಎಂದು ಬರೆಯುತ್ತಾ ಬಂದದ್ದು ಕಮಿಟಿಗೆ ಹೆದರಿ ಅಲ್ಲ. ಇದು ನಲವತ್ತೊಂಬತ್ತರ ಮರ, ಕಡಿಯಿರಿ ಎಂದು ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ನಿನ್ನ ಹೆಸರು ಉಳಿಯುತ್ತಿರಲಿಲ್ಲ. ಬೈರಿಗೆಯ ಸುದ್ದಿ ಬರೆದದ್ದು ನಿನಗೆ ಎಚ್ಚರಿಕೆಯಾಗಲೆಂದು. ಅದು ನಿನಗೆ ಚುಚ್ಚುತ್ತದೆಂದು ಹೊಳೆಯಲಿಲ್ಲ. ನಿನ್ನ ಮೌನವನ್ನು ಗಾಳಿಮರದ ಸಿಟ್ಟು ಅಂದುಕೊಂಡೆ. ನಾವಿಬ್ಬರೂ ಎಂಥ ಜಾಣರು.

ನಿನ್ನ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಅದನ್ನು ಯಾರಿಗೂ ತೋರಿಸುವುದಿಲ್ಲ. 22ಕ್ಕೆ ತಜ್ಞರು ಬಂದು ಏನು ಬೇಕಾದರೂ ಎಣಿಸಲಿ, ಸಿಡಿಲು ಹೊಡೆದ ಮೇಲೆ ಬುಡದಿಂದ ಎದ್ದ ಕಾಂಡ, ಬಳೆ ಕಡಿಮೆಯೇ ಇರುತ್ತದೆ ಎಂದು ನಾನು ಹೇಳುತ್ತೇನೆ. ನಂಬುತ್ತಾರೆ. ನನ್ನನ್ನು ಸಾಕಿದವನು ನೀನು. ಈ ಕೆಲಸ ನಿನಗಿಂತ ದೊಡ್ಡದಲ್ಲ.

ಊಟ ಸರಿಯಾಗಿ ಮಾಡು.

ಮೊಂಡಿ

ಏಪ್ರಿಲ್ 14

ಮೊಂಡಿ,

ನಿನ್ನ ಕಾಗದವನ್ನು ಮಗಳ ಕೈಲಿ ಜೋರಾಗಿ ಓದಿಸಿದೆ. ಕಣ್ಣಿಗೆ ಏನೋ ಆಗಿ ಅಕ್ಷರ ಕಾಣಲಿಲ್ಲ. ಅವಳು ಓದಿ ಮುಗಿಸಿ ನನ್ನ ತಲೆ ಸವರಿ ಟೀ ಮಾಡಲು ಹೋದಳು.

ಐದು ವರ್ಷದವಳ ತಲೆಯ ಮೇಲೆ ಅಷ್ಟು ಭಾರ ಹೊರಿಸಿ ನಲವತ್ತೊಂಬತ್ತು ವರ್ಷ ತಿರುಗಿ ನೋಡಲಿಲ್ಲವಲ್ಲ ನಾನು. ಈಗ ನನಗಾಗಿ ನೀನು ಹೊಸ ಸುಳ್ಳು ಹೇಳುತ್ತೇನೆ ಎನ್ನುತ್ತೀಯ. ಬೇಡ. ಉಪ್ಪು ತಿಂದವನು ನೀರು ಕುಡಿಯಬೇಕು, ನೀನಲ್ಲ. ನೀನು ತಡೆಯುತ್ತೀಯೆಂದು ಗೊತ್ತಿದ್ದೇ ಕಮಿಟಿಗೆ ನಿನ್ನೆ ನೇರವಾಗಿ ರಿಜಿಸ್ಟರ್ ಅಂಚೆಯಲ್ಲಿ ಎಲ್ಲ ಬರೆದು ಕಳಿಸಿಬಿಟ್ಟೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅದು ಅವರ ಮೇಜಿನ ಮೇಲಿರುತ್ತದೆ. ಮೊಂಡಿಯ ಅಣ್ಣನೂ ಮೊಂಡನೇ.

ಕಡಿಯುವಾಗ ಗ್ರೀನಿನ ಕಡೆಗೆ ಬೀಳಿಸಬೇಡ. ಬೇಲಿಯ ಕಡೆಯ ದೊಡ್ಡ ಕೊಂಬೆ ಮೊದಲು ಇಳಿಸು, ಭಾರ ಆ ಬದಿಗೆ ಬೇಡ. ಏಣಿಯ ಸೊಂಟಕ್ಕೆ ಎರಡು ಹಗ್ಗ ಕಟ್ಟು.

ನಾನೂ ಒಂದು ಸುಳ್ಳು ಹೇಳಿದ್ದೆ. ಬಂದರಿಗೆ ಒಂದು ದಿನವೂ ಹೋಗಿಲ್ಲ. ಮೊಣಕಾಲು ಮೂರು ಮಹಡಿ ಇಳಿಯಲು ಒಪ್ಪುವುದಿಲ್ಲ. ಬಾಲ್ಕನಿಯಿಂದ ಕಾಣುವುದು ಬಸ್ ನಿಲ್ದಾಣ. ಅಲ್ಲಿ ಜನ ಬಿಸಿಲಿನಲ್ಲಿ ಪೇಪರು ತಲೆಯ ಮೇಲೆ ಹಿಡಿದು ನಿಂತಿರುತ್ತಾರೆ. ನನ್ನ ಕುಂಡಗಳಲ್ಲಿ ಒಂದರಲ್ಲಿ ಅಜ್ಜನ ಬೀಜದ ಸಸಿ ಇದೆ, ಬರುವಾಗ ಜೇಬಿನಲ್ಲಿ ಹಾಕಿಕೊಂಡು ಬಂದದ್ದು. ಮೊಣಕಾಲುದ್ದ ಆಗಿದೆ. ಬೇಕಿದ್ದರೆ ಕಳಿಸುತ್ತೇನೆ, ಅದೇ ಜಾಗದಲ್ಲಿ ನೆಡಬಹುದು.

ಅಣ್ಣ

ಮೇ 6

ಅಣ್ಣ,

ನಿನ್ನ ಕಾಗದವನ್ನು ಸೆಕ್ರೆಟರಿ ಕಮಿಟಿಯಲ್ಲಿ ನಿಂತು ಓದಿದರು. ಆಮೇಲೆ ಆ ಹಿರಿಯ ಸದಸ್ಯರು, ಮೂರು ಚೆಂಡು ಕಳೆದವರು, ಎದ್ದು ಹೇಳಿದರು, "ಮೂವತ್ತು ವರ್ಷ ಆ ಮರ ತಟ್ಟಿದೀನಿ. ನನ್ನ ಆಟ ಯಾಕೆ ಸುಧಾರಿಸ್ಲಿಲ್ಲ ಅಂತ ಈಗ ಗೊತ್ತಾಯ್ತು." ಎಲ್ಲರೂ ನಕ್ಕರು. ಎಲ್ಲರೂ ಎಂದರೆ ಎಲ್ಲರೂ ಅಲ್ಲ. ಇಬ್ಬರು ಸದಸ್ಯರು ಈಗಲೂ ನನ್ನ ಕಂಡರೆ ಮುಖ ತಿರುಗಿಸುತ್ತಾರೆ. ಕ್ಲಬ್ಬಿನ ಗೋಡೆಯ ಮೇಲಿದ್ದ ನಿನ್ನ ಫೋಟೊ ತೆಗೆದಿದ್ದಾರೆ. ನಿನ್ನಿಂದ ಮುಚ್ಚಿಡುವುದಿಲ್ಲವೆಂದು ಇದನ್ನೂ ಬರೆದೆ. ಫೋಟೊ ನನ್ನ ಮನೆಗೆ ತಂದಿದ್ದೇನೆ.

ತಜ್ಞರು ಬಂದು ಬೈರಿಗೆ ಇಳಿಸಿದರು, ನಲವತ್ತೊಂಬತ್ತು ಎಂದರು. ನೀನು ಲೆಕ್ಕದಲ್ಲಿ ತಪ್ಪಿಲ್ಲ. ನಕ್ಷೆಯ ಮರ ಅಲ್ಲವೆಂದು ಕಮಿಟಿಯವರು ಕಡಿಯಲು ಒಪ್ಪಿದರು.

ಕಡಿಯುವ ಹಿಂದಿನ ದಿನ ಪೂರ್ತಿ ಅದರ ಕೆಳಗೆ ಕೂತಿದ್ದೆ. ಅಳೆಯುವುದಕ್ಕೆ ಏನೂ ಇರಲಿಲ್ಲ, ಸುಮ್ಮನೆ ಕೂತೆ. ಸಂಜೆ ಎಲೆ ಮಡಚಿಕೊಳ್ಳುವವರೆಗೂ ಇದ್ದೆ. ಮರುದಿನ ಏಣಿ ಮೊಣಕಾಲಿನ ಮಾತೆತ್ತಲಿಲ್ಲ, ಎರಡು ಹಗ್ಗ ಕಟ್ಟಿಸಿಕೊಂಡು ಹತ್ತಿದ. ನೀನು ಹೇಳಿದ ಹಾಗೆ ಬೇಲಿಯ ಕೊಂಬೆ ಮೊದಲು ಇಳಿಯಿತು. ನಾಲ್ಕು ದಿನ ಹಿಡಿಯಿತು. ಬೊಡ್ಡೆ ಕೀಳುವಾಗ ಎರಡು ಹೆಜ್ಜೆ ಆಚೆ ಹಳೆಯ ಬೊಡ್ಡೆಯೂ ಸಿಕ್ಕಿತು, ಮುಟ್ಟಿದರೆ ಪುಡಿಯಾಗುವಷ್ಟು ಕೊಳೆತಿತ್ತು. ಅದರ ಪಕ್ಕ ನಿನ್ನ ಪೈಪು. ನಲವತ್ತೊಂಬತ್ತು ವರ್ಷವಾದರೂ ಸೋರಿಲ್ಲ. ಕೆಲಸವೇನೋ ಚೆನ್ನಾಗಿಯೇ ಮಾಡಿದ್ದೆ ಮಾರಾಯ.

ಸಸಿ ಕಳಿಸಬೇಡ. ಇಲ್ಲಿ ನೆಟ್ಟರೆ ಐವತ್ತು ವರ್ಷ ಬಿಟ್ಟು ಇನ್ಯಾವಳೋ ಮೊಂಡಿ ಅಳಬೇಕಾಗುತ್ತದೆ. ನೆರಳು ಬೇಕಾದವರು ನಿನ್ನ ಕಣ್ಣೆದುರೇ ಪೇಪರು ಹಿಡಿದು ನಿಂತಿದ್ದಾರಲ್ಲ. ಮಗಳನ್ನು ಕರೆದುಕೊಂಡು ಮೆಟ್ಟಿಲು ಮೆಲ್ಲಗೆ ಇಳಿ.

ಮೊಂಡಿ

ಆಗಸ್ಟ್ 30

ಮೊಂಡಿ,

ಇಳಿದೆ. ಮೂರು ಮಹಡಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ನಗರಸಭೆಯವರ ಅನುಮತಿಗೆ ಮಗಳು ಮೂರು ತಿಂಗಳು ಅಲೆದಳು. ಬಸ್ ನಿಲ್ದಾಣದ ಹಿಂದೆ ನೆಟ್ಟಿದ್ದೇನೆ. ಮಗಳು ಹಿಡಿದುಕೊಂಡಳು, ನಾನು ಮಣ್ಣು ತುಂಬಿದೆ. ಬಿಲ್ಲೆ ಕಟ್ಟಲಿಲ್ಲ.

ಫೋಟೊ ತೆಗೆದದ್ದು ಸರಿಯೇ. ಒಂದು ದಿನ ನೋವಾಯಿತು, ಆಮೇಲೆ ಹಗುರಾಯಿತು. ಈಗ ನಿದ್ದೆ ಬರುತ್ತದೆ.

ಏಳನೆಯದರ ಅಳತೆ ಕಳಿಸು. ನೆರಳು ಈಗ ಎಲ್ಲಿಯವರೆಗೆ ಬರುತ್ತದೆ?

ಅಣ್ಣ

ಅಕ್ಟೋಬರ್ 3

ಅಣ್ಣ,

ನೂರನೇ ವರ್ಷದ ಆಟ ನಿನ್ನೆ ಮುಗಿಯಿತು. ಏಳನೇ ಗ್ರೀನು ಹಸಿರಾಗಿದೆ, ಒಂದು ಮೂಲೆಯಲ್ಲಿ ಇನ್ನೂ ಸ್ವಲ್ಪ ತೆಳುವು. ತಾತ್ಕಾಲಿಕ ಎಂಬ ಚೀಟಿ ಕಳಚಿತು. ಸೆಕ್ರೆಟರಿ ಆದೇಶದ ಕಾಗದ ಕೊಡುತ್ತಾ "ಅಣ್ಣನಿಗೂ ತಿಳಿಸಿ" ಎಂದರು. ನಿನ್ನ ಮೊಳೆಗೆ ಮತ್ತೆ ನನ್ನ ಟೋಪಿ ಏರಿದೆ.

ಅಳತೆ ಕೇಳಿದ್ದೆಯಲ್ಲ. ಇವತ್ತು ಬೆಳಗ್ಗೆ ಏಳಕ್ಕೇ ಗೂಟಗಳ ಕಟ್ಟು ಹಿಡಿದು ಹೋದೆ. ಗ್ರೀನಿನ ಈ ತುದಿಯಿಂದ ಆ ತುದಿಗೂ ಬಿಸಿಲು. ಹೊಡೆಯೋಣವೆಂದರೆ ಎಲ್ಲೂ ನೆರಳಿಲ್ಲ. ಅಂಚಿನಲ್ಲಿ ನಿಂತಿದ್ದವಳು ನಾನೊಬ್ಬಳೇ, ಹುಲ್ಲಿನ ಮೇಲೆ ಬಿದ್ದದ್ದು ನನ್ನ ನೆರಳೊಂದೇ. ಅದರ ತಲೆಗೊಂದು ಗೂಟ ಹೊಡೆದೆ. ಹದಿಮೂರು ಅಡಿ ಬಂತು, ಬರೆದುಕೊ.

ಪಕ್ಕದಲ್ಲಿ ಇನ್ನೊಂದು ಗೂಟ ಇಟ್ಟು ಬಂದಿದ್ದೇನೆ, ಹೊಡೆದಿಲ್ಲ. ಅದು ನಿನ್ನದಕ್ಕೆ. ಮೆಟ್ಟಿಲು ಇಳಿಯುವುದು ಹೇಗೂ ಅಭ್ಯಾಸವಾಯಿತಲ್ಲ, ಬಾ.

ಮೊಂಡಿ